ತಳ ಕಾಣುವ ದಿನ

ನೀರು ಮತ್ತೆ ಕಲಕಿತ್ತು.

ರಾತ್ರಿ ಅವಳು ಪಂಪು ನಿಲ್ಲಿಸಿ, ಪಟಿಕ ಕರಗಿಸಿದ ನೀರನ್ನು ಮನೆಯ ಈಜುಕೊಳದ ತುಂಬ ಚೆಲ್ಲಿ ಮಲಗಿದ್ದಳು. ಬೆಳಿಗ್ಗೆ ನೋಡಿದರೆ ಸತ್ತ ಪಾಚಿಯೆಲ್ಲ ಕಂಬಳಿ ಹಾಸಿದಂತೆ ತಳಕ್ಕೆ ಕೂತಿತ್ತು, ಮೇಲೆ ತಿಳಿನೀರು. ಇನ್ನು ಆ ಕೆಸರನ್ನು ಪೈಪಿನಿಂದ ಮೆಲ್ಲಗೆ ಹೀರಿ ತೆಗೆದರೆ ಮುಗಿಯಿತು. ಗಂಡನ ಗಾಲಿಕುರ್ಚಿಯನ್ನು ಕೊಳದ ಪಕ್ಕದ ನೆರಳಿಗೆ ತಳ್ಳಿ, ಪೈಪು ತರಲು ಅಂಗಡಿಗೆ ಹೋಗಿ ಬಂದಳು. ಅಷ್ಟರಲ್ಲಿ ಕೊಳ ಪಾತ್ರೆ ತೊಳೆದ ನೀರಿನಂತಾಗಿತ್ತು.

“ಪಕ್ಕದ ಮನೆ ನಾಯಿ,” ಎಂದ ಗಂಡ. “ಬಿದ್ದು ಒದ್ದಾಡಿ ಎದ್ದು ಹೋಯ್ತು. ನಾನೇನು ಓಡಿಹೋಗಿ ಅಟ್ಟೋಕಾಗತ್ತಾ?”

ಹೋದ ವರ್ಷ ಅವಳು ತವರಿಗೆ ಹೋಗಿದ್ದಾಗ ಕೊಳಕ್ಕೆ ಔಷಧಿ ಹಾಕುವುದು ತಪ್ಪಿತು. ಮೆಟ್ಟಿಲಿಗೆ ಪಾಚಿ ಕಟ್ಟಿತು. ಮಹಾರಾಯ ಜಾರಿ ಬಿದ್ದ. ಸೊಂಟದ ಕೆಳಗೆ ಸ್ಪರ್ಶವೇ ಹೋಯಿತು. ಕಾಲು ಬಂದರೂ ಬರಬಹುದು ಎಂದಿದ್ದರು ಡಾಕ್ಟರು. ಬರಲಿಲ್ಲ. ಮತ್ತೊಮ್ಮೆ ತೋರಿಸೋಣವೆಂದರೆ, “ಸತ್ತ ಕಾಲನ್ನ ಏನು ತೋರಿಸೋದು? ನೀನು ಕೊಂದಿದ್ದು, ನೀನೇ ನೋಡ್ಕೋ,” ಎನ್ನುತ್ತಿದ್ದ. ಔಷಧಿಯ ಡಬ್ಬ ಅವನ ಕೈಗೂ ಎಟುಕುವಲ್ಲೇ ಇತ್ತು, ಒಂದು ಹಿಡಿ ತಾನೂ ಹಾಕಬಹುದಿತ್ತು. ಅದು ಅವನಿಗೆ ಹೊಳೆಯಲಿಲ್ಲ. ಅವಳಿಗೂ ಹೊಳೆಯಲಿಲ್ಲ, ಅದೇ ದುರಂತ.

ದಿನಾ ಬೆಚ್ಚನೆ ನೀರಿನಲ್ಲಿ ಅವನ ಕಾಲು ತೊಳೆಯಬೇಕು. ಅವರಿಗೆ ಸುಟ್ಟರೂ ತಿಳಿಯುವುದಿಲ್ಲ, ನೀರನ್ನು ನೀವೇ ಮುಟ್ಟಿ ನೋಡಿ ಎಂದು ಡಾಕ್ಟರು ಒತ್ತಿ ಹೇಳಿದ್ದರು. ಅವಳು ಮುಟ್ಟಿ ನೋಡಿ ಸುರಿಯುವಾಗಲೆಲ್ಲ ಅವನದು ಒಂದೇ ಪಲ್ಲವಿ: “ಬಿಸಿಯೋ ತಣ್ಣಗೋ, ನನಗೇನು ಗೊತ್ತಾಗತ್ತೆ? ಎಲ್ಲಾ ನಿನ್ನ ಪುಣ್ಯ.”

ತವರಿನಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದಳು. ಅಕ್ಕ ದಿನವೂ ಫೋನು ಮಾಡುತ್ತಿದ್ದಳು. “ಕಣ್ಣು ಬಿಟ್ಟಾಗೆಲ್ಲ ನೀನು ಬಂದ್ಯಾ ಅಂತ ಕೇಳ್ತಾಳೆ ಕಣೇ. ಮುಖ ತೋರಿಸಿ ಹೋಗು. ನಿಮ್ಮನೆಯವರನ್ನ ನೋಡ್ಕೊಳ್ಳೋಕೆ ನಾನೇ ಯಾರನ್ನಾದ್ರೂ ಕಳಿಸ್ತೀನಿ.”

ಕೇಳಿದ್ದಕ್ಕೆ ಗಂಡ ಹಸಿರುಗಟ್ಟಿದ ಕೊಳದತ್ತ ಕೈ ತೋರಿಸಿದ್ದ. “ಹೋಗು, ಬೇಡ ಅಂದೋರ್ಯಾರು? ಆದ್ರೆ ಆ ಪಾಚಿ ಇನ್ನೂ ನನ್ನ ಕಣ್ಣೆದುರಿಗಿದೆ. ಇಲ್ಲಿ ಕೂತು ನೋಡಿದ್ರೆ ತಳದ ಟೈಲು ಕಾಣಿಸ್ಬೇಕು. ಕಂಡ ದಿನ ಹೋಗು.”

ಹೆತ್ತವಳನ್ನು ನೋಡಲು ಇದೆಂಥ ಶರತ್ತು ಎಂದು ಬೇರೆ ಯಾರಾದರೂ ಆಗಿದ್ದರೆ ಕೇಳುತ್ತಿದ್ದರು. ಗಂಡನ ಕಾಲು ತಿಂದ ಪಾಪ ತನ್ನದೆಂದು ನಂಬಿದವಳು ಕೇಳಲಿಲ್ಲ. ಕ್ಲೋರಿನ್ ಪುಡಿ ಕಲಸಿ ಸುರಿದಳು. ಅಂಗೈ ಸುಲಿಯುವಷ್ಟು ಗೋಡೆ ಉಜ್ಜಿದಳು. ಬಟ್ಟೆಯ ಚೀಲ ತುಂಬಿ ಬಾಗಿಲ ಹತ್ತಿರ ಇಟ್ಟಳು.

ಈಗ ನಾಯಿ ಬರದಂತೆ ಗೇಟಿಗೆ ಸರಪಳಿ ಸುತ್ತಿದಳು. ಮತ್ತೆ ಪಟಿಕ, ಮತ್ತೆ ಇಡೀ ರಾತ್ರಿ ಕಾಯುವುದು, ಮತ್ತೆ ತಿಳಿನೀರು. ಅವನ ತಿಂಡಿ ಮಾಡಿಕೊಂಡು ಅಡುಗೆಮನೆಯಿಂದ ಬರುವಷ್ಟರಲ್ಲಿ ಎಲ್ಲ ರಾಡಿ.

“ಪಾಪಿ ಸಮುದ್ರಕ್ಕೆ ಹೋದ್ರೂ ಮೊಣಕಾಲುದ್ದ ನೀರು,” ಎಂದು ಅವನು ನಕ್ಕ.

ಆಗ ಅವಳ ಕಣ್ಣು ಗಾಲಿಕುರ್ಚಿಗೆ ಒರಗಿದ್ದ ಬ್ರಷ್ಷಿನ ಮೇಲೆ ಬಿತ್ತು. ಆಳೆತ್ತರಕ್ಕೂ ಉದ್ದದ ಕೋಲು ಅದಕ್ಕೆ. ಕೂತಲ್ಲಿಂದಲೇ ಕೈ ಆಡಿಸಿದರೆ... ಥೂ, ಎಂಥ ಹೆಂಗಸು ನಾನು, ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಂಡೇ ಕೋಲನ್ನು ಉಗ್ರಾಣದಲ್ಲಿಟ್ಟು ಬೀಗ ಹಾಕಿದಳು. ಬೀಗದ ಕೈಯನ್ನು ತನ್ನ ಪರ್ಸಿಗೆ ಹಾಕಿಕೊಂಡಳು.

ಮೂರನೆಯ ಸಲ ನೀರು ಗಾಜಿನಂತೆ ನಿಂತಿತು. ಬೆಳಕು ಹರಿಯುತ್ತಲೇ ಪೈಪು ಜೋಡಿಸಿದಳು. ಇನ್ನೇನು ಹೀರಬೇಕು, ಅವನು ಕರೆದ.

“ನನ್ನ ಮಾತ್ರೆ ಮುಗಿದಿದೆ.”

“ಇದೊಂದು ಮುಗಿಸಿ ತರ್ತೀನ್ರೀ.”

“ನಿನಗೆ ನಿನ್ನಮ್ಮ ಮುಖ್ಯ. ಆಗ್ಲಿ ಬಿಡು, ನಾನು ನರಳ್ತಾ ಇರ್ತೀನಿ.”

ಅವಳು ಹೊರಟಳು. ಅರ್ಧ ದಾರಿಯಲ್ಲಿ ಅಕ್ಕನ ಫೋನು ಬಂತು. ಅಕ್ಕ ಬರೀ ಅತ್ತಳು. ಅಷ್ಟರಲ್ಲೇ ಗೊತ್ತಾಯಿತು. ಅಂಗಡಿಯನ್ನು ಮರೆತು ಅವಳು ಮನೆಗೆ ಓಡಿದಳು.

ಗೇಟಿನ ಸರಪಳಿ ಹಾಕಿದ ಹಾಗೇ ಇತ್ತು. ಕೊಳ ಕಲಕಿ ಹೋಗಿತ್ತು. ಗಂಡ ಕುರ್ಚಿಯಲ್ಲಿ ಏದುಸಿರು ಬಿಡುತ್ತಾ ಕೂತಿದ್ದ, ಕಾಲಿನ ಮೇಲೆ ಹೊದಿಕೆ.

“ಇಷ್ಟು ಬೇಗ ಬಂದ್ಯಾ?”

“ಅಮ್ಮ ಹೋದಳು.”

ಅವನು ಮೆತ್ತಗೆ ಹೇಳಿದ: “ಅಳಬೇಡ. ಇವತ್ತೊಂದಿನ ನನ್ನ ಕಾಲು ತೊಳೆಯೋದೂ ಬೇಡ, ಬಿಡು.”

ಒಂದು ವರ್ಷದಲ್ಲಿ ಅವನ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು. ಅದಕ್ಕೇ ಅವಳಿಗೆ ಇನ್ನಷ್ಟು ಅಳು ಬಂತು. ಕೈಗೆ ಅಭ್ಯಾಸವಾದ ಕೆಲಸ, ನಿಲ್ಲಲಿಲ್ಲ. ಬೋಗುಣಿ ತಂದಿಟ್ಟು, ಅವನ ಮುಂದೆ ಕೂತು ಹೊದಿಕೆ ಸರಿಸಿದಳು. ಎರಡೂ ಪಾದಗಳನ್ನು ಬೋಗುಣಿಯಲ್ಲಿಟ್ಟಳು. ಅವುಗಳನ್ನೇ ಬಹಳ ಹೊತ್ತು ನೋಡಿದಳು. ಅಳು ನಿಂತಿತು.

“ನೀರು ಕಾಯಿಸಿ ತರ್ತೀನಿ,” ಎಂದು ಒಳಗೆ ಹೋದಳು.

ದೊಡ್ಡ ಪಾತ್ರೆಯನ್ನು ಎರಡು ಕಡೆಯೂ ಬಟ್ಟೆಯಲ್ಲಿ ಹಿಡಿದುಕೊಂಡು ಬಂದಳು. ನೀರು ಇನ್ನೂ ಕೊತಕೊತ ಎನ್ನುತ್ತಿತ್ತು. ಇವತ್ತು ಮುಟ್ಟಿ ನೋಡಲಿಲ್ಲ.

ಅವನು ಕುರ್ಚಿಯ ಕೈ ಬಿಗಿಯಾಗಿ ಹಿಡಿದ. “ಏ, ಒಂದು ಚೂರು ತಣ್ಣೀರು ಬೆರೆಸೇ.”

“ಬಿಸಿಯೋ ತಣ್ಣಗೋ,” ಎಂದಳು ಅವಳು, “ನಿಮಗೇನ್ರೀ ಗೊತ್ತಾಗತ್ತೆ?”

ಅವಳು ಪಾತ್ರೆ ಬಗ್ಗಿಸಿದಳು. ಬೋಗುಣಿಯಲ್ಲಿದ್ದ ಆ ಸತ್ತ ಪಾದಗಳ ಬೆರಳ ಸಂದಿಯಲ್ಲಿ ಕೊಳದ ತಳದ ಹಸಿರು ಕೆಸರು ಇನ್ನೂ ಆರಿರಲಿಲ್ಲ.