ಕೂಗುವ ಬಿಲ್ಲೆ

"ಡಬ್ಬಿ ಬಿಚ್ಚಿದ್ದು ನೀನೇ ತಾನೆ? ಬಾಯಿಬಿಟ್ಟು ಹೇಳು."

ಪರೀಕ್ಷಕ ಮೇಜಿಗೆ ಗುದ್ದಿದ. ಮ್ಯಾನೇಜರ್ ಮೇಡಂನ ಟೀ ಲೋಟ ಅಲುಗಿತು. ಪ್ಯಾಕಿಂಗ್ ಕೆಲಸದ ಹೆಂಗಸು ಏಪ್ರನ್ನಿನ ಜೇಬಿನಲ್ಲಿ ಕೈಯಿಟ್ಟುಕೊಂಡು ತಲೆತಗ್ಗಿಸಿ ನಿಂತಿದ್ದಳು. ಮೂಲೆಯ ಕುರ್ಚಿಯಲ್ಲಿ ದೂರು ಹೊತ್ತು ಬಂದ ಒಬ್ಬ ತಾಯಿ. ಅತ್ತು ಅತ್ತು ಸುಸ್ತಾದ ಏಳು ತಿಂಗಳ ಮಗು ಅವಳ ಹೆಗಲ ಮೇಲೆ ಈಗಷ್ಟೇ ಕಣ್ಣು ಮುಚ್ಚಿತ್ತು.

ಜಗಳವೆಲ್ಲ ಒಂದು ಬಿಲ್ಲೆಯದು. ಮಗು ಚೀಪುವ ರಬ್ಬರ್ ನಿಪ್ಪಲ್ಲಿಗೆ ಸಿಕ್ಕಿಸುವ, ಕೋಟಿನ ಗುಂಡಿಯಷ್ಟು ದೊಡ್ಡ ಬಿಲ್ಲೆ. ನಿಪ್ಪಲ್ ಮಂಚದ ಕೆಳಗೋ ಸೋಫಾದ ಸಂದಿಗೋ ಬಿದ್ದು ಕಾಣೆಯಾದರೆ ರಿಮೋಟ್ ಒತ್ತಬೇಕು. ಬಿಲ್ಲೆ ತೆಳ್ಳನೆಯ ದನಿಯಲ್ಲಿ 'ಕೀ' ಎಂದು ಎಡೆಬಿಡದೆ ಕೂಗಬೇಕು. ಈ ಕಾರ್ಖಾನೆಯಲ್ಲಿ ತಯಾರಾಗುವುದು ಅದೊಂದೇ. ತಯಾರಾದ ಪ್ರತಿಯೊಂದು ಬಿಲ್ಲೆಯೂ ಪರೀಕ್ಷಕನ ಗಾಜಿನ ಕೋಣೆಗೆ ಬರುತ್ತದೆ. ಅವನು ಒತ್ತುತ್ತಾನೆ, ಕೇಳುತ್ತಾನೆ, ಹಸಿರು ಚೀಟಿ ಅಂಟಿಸುತ್ತಾನೆ. ಹನ್ನೊಂದು ವರ್ಷದಿಂದ ಇದೇ ಕೆಲಸ, ದಿನಕ್ಕೆ ಎಂಟುನೂರು ಸಲ. ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಕಿವಿಯಣ್ಣ ಎಂದೇ ಕರೆಯುತ್ತಾರೆ. ಆ ಹೆಸರು ಕೇಳಿದರೆ ಅವನಿಗೂ ಒಳಗೊಳಗೇ ಜಂಬ.

ಈ ತಿಂಗಳು ನಲವತ್ತೊಂದು ಬಿಲ್ಲೆಗಳು ವಾಪಸು ಬಂದಿದ್ದವು. ಎಲ್ಲದರದೂ ಒಂದೇ ದೂರು, ಕೂಗುವುದಿಲ್ಲ.

"ತಪ್ಪು ಟೆಸ್ಟಿಂಗ್‌ನಲ್ಲೇ ಆಗಿದ್ರೆ ನಾಳೆಯಿಂದ ನೀವು ಬರೋದು ಬೇಡ," ಎಂದು ಮ್ಯಾನೇಜರ್ ಬೆಳಿಗ್ಗೆಯೇ ಮುಖದ ಮೇಲೆ ಹೊಡೆದಂತೆ ಹೇಳಿಬಿಟ್ಟಿದ್ದಳು. ಅವನಿಗೆ ಐವತ್ತಮೂರು ವಯಸ್ಸು. ಬೇರೆ ಕೆಲಸ ಗೊತ್ತಿಲ್ಲ. ಈ ಚೀಟಿ ಹೋದರೆ ಅನ್ನವೂ ಹೋಯಿತು, ಹೆಸರೂ ಹೋಯಿತು. ಅವನ ಮೈ ಉರಿದುಹೋಯಿತು.

ಮೊದಲೇ ಈಚೆಗೆ ಅವನಿಗೆ ಮೂಗಿನ ತುದಿಯಲ್ಲಿ ಕೋಪ. ಮನೆಯಲ್ಲೂ ನೆಮ್ಮದಿಯಿಲ್ಲ. ಪಕ್ಕದ ಮನೆಯ ಮಗುವಿಗೆ ಪ್ರೀತಿಯಿಂದ ತಾನೇ ಒಂದು ಬಿಲ್ಲೆ ಕೊಟ್ಟಿದ್ದ. ಆ ದರಿದ್ರದವರು ಅದನ್ನು ಹೊತ್ತಿಲ್ಲ ಗೊತ್ತಿಲ್ಲ, ಕೂಗಿಸುತ್ತಲೇ ಇರುತ್ತಿದ್ದರು. ಭಾನುವಾರ ಮಧ್ಯಾಹ್ನ ಬಾಗಿಲು ಬಡಿದು ಕೇಳಿದರೆ, "ಅದು ಕೆಟ್ಟು ಎರಡು ತಿಂಗಳಾಯ್ತಲ್ಲ ಸಾರ್" ಎಂದರು. ಕಣ್ಣಲ್ಲಿ ಕಣ್ಣಿಟ್ಟು ಎಂಥ ಸುಳ್ಳು. ಹೆಂಡತಿಯಾದರೂ ತನ್ನ ಪರ ನಿಲ್ಲಬಾರದೆ? "ಪಾಪ, ಅವರ ಪಾಡಿಗೆ ಅವರಿದ್ದಾರೆ, ಬಿಡ್ರಿ" ಎಂದಳು. ಮೂರು ದಿನದಿಂದ ಅವಳ ಜೊತೆಗೂ ಮಾತಿಲ್ಲ.

ನಿನ್ನೆ ಸಂಜೆ ಕಳ್ಳಿ ಕಣ್ಣಿಗೆ ಬಿದ್ದಿದ್ದಳು. ತಾನು ಚೀಟಿ ಅಂಟಿಸಿ ಕಳಿಸಿದ ಬಿಲ್ಲೆಗಳ ಡಬ್ಬಿಗಳನ್ನು ಪ್ಯಾಕಿಂಗ್‌ನವಳು ಒಂದೊಂದಾಗಿ ಬಿಚ್ಚುತ್ತಿದ್ದಳು. ಕೆಲವನ್ನು ಎತ್ತಿ ತನ್ನ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಹೋದ ತಿಂಗಳು ಇವಳೇ ಅಲ್ಲವೆ, "ನಮ್ಮ ತಮ್ಮನಿಗೆ ಟೆಸ್ಟಿಂಗ್‌ನಲ್ಲಿ ಏನಾದ್ರೂ ಕೆಲಸ ಇದೆಯಾ ಅಣ್ಣ" ಎಂದು ಹಲ್ಲು ಗಿಂಜಿದವಳು? ಎಲ್ಲವೂ ತಾಳೆಯಾಯಿತು.

"ಬಿಚ್ಚಿದ್ದು ನಿಜ," ಎಂದಳು ಅವಳು ಈಗ.

"ಕೇಳಿದ್ರಾ ಮೇಡಂ? ಒಳ್ಳೆ ಮಾಲು ತೆಗೆದು ಕೆಟ್ಟದ್ದು ತುಂಬ್ತಾಳೆ. ನನ್ನ ಹೊಟ್ಟೆಗೆ ಕಲ್ಲು ಹಾಕಿ ತಮ್ಮನ್ನ ತಂದು ಕೂರಿಸೋ ಹುನ್ನಾರ. ಯಾಕೆ ಬಿಚ್ಚಿದೆ, ಅದನ್ನೂ ಹೇಳು."

"ಹೇಳಿದ್ರೆ ನೀವು ತಡ್ಕೊಳ್ಳಲ್ಲ ಅಣ್ಣ."

"ಅಣ್ಣ ಅಂತೆ ಅಣ್ಣ. ನಿನ್ನಂಥ ತಂಗಿ ಇರೋದಕ್ಕಿಂತ ಶತ್ರು ಇರೋದು ವಾಸಿ."

ಮೂಲೆಯಲ್ಲಿದ್ದ ತಾಯಿ ಹಲ್ಲು ಕಚ್ಚಿ ಪಿಸುಗುಟ್ಟಿದಳು. "ನಿಮ್ಮ ಜಗಳ ಆಮೇಲೆ ಆಡ್ಕೊಳ್ಳಿ. ನಿಪ್ಪಲ್ ಸಿಗದೆ ಮೂರು ದಿನದಿಂದ ಮಗು ಮಲಗಿಲ್ಲ, ನಾನೂ ಮಲಗಿಲ್ಲ. ಇವತ್ತು ಗುಡಿಸುವಾಗ ಬೀರುವಿನ ಹಿಂದೆ ಸಿಕ್ತು. ಎಷ್ಟು ಒತ್ತಿದ್ರೂ ನಿಮ್ಮ ಬಿಲ್ಲೆ ತುಟಿಪಿಟಕ್ ಅನ್ನಲಿಲ್ಲ."

"ನನ್ನ ಕೈ ದಾಟಿ ಹೋದ ಬಿಲ್ಲೆ ಕೂಗೇ ಕೂಗುತ್ತೆ ತಾಯಿ. ಬೇಕಿದ್ರೆ ಇಲ್ಲೇ ನೋಡೇಬಿಡೋಣ." ಅವನು ಪ್ಯಾಕಿಂಗ್‌ನವಳ ಕಡೆ ತಿರುಗಿದ. "ಜೇಬಲ್ಲಿ ಏನಿದೆ? ತೆಗಿ."

ಅವಳು ಹಿಂಜರಿಯುತ್ತಲೇ ಒಂದು ಬಿಲ್ಲೆ ತೆಗೆದಳು. ಅದರ ಮೇಲೆ ಇವತ್ತಿನ ತಾರೀಖಿನ ಹಸಿರು ಚೀಟಿಯಿತ್ತು. "ಇದು ಬೇಡ ಅಣ್ಣ. ಬೇರೆ ತರ್ತೀನಿ."

"ಯಾಕೆ ಬೇಡ? ಕಳ್ಳನ ಮನಸ್ಸು ಹುಳ್ಳುಳ್ಳಗೆ."

ಕಿತ್ತುಕೊಂಡ. ಮೇಜಿನ ನಟ್ಟನಡುವೆ ಇಟ್ಟ. ರಿಮೋಟ್ ಒತ್ತಿ ಗೆದ್ದವನಂತೆ ಎಲ್ಲರ ಮುಖ ನೋಡಿದ.

"ಕೇಳಿಸ್ಕೊಳ್ಳಿ ಮೇಡಂ. ಎಷ್ಟು ಸೊಗಸಾಗಿ ಕೂಗ್ತಿದೆ."

ಮಗು ಮಲಗಿಯೇ ಇತ್ತು.

"ಈಗ ಯಾಕೆ ಎಲ್ಲರ ಬಾಯಿಗೂ ಬೀಗ? ಹನ್ನೊಂದು ವರ್ಷ ದುಡಿದವನನ್ನ ನಾಯಿ ಥರ ಓಡಿಸೋಕೆ ಹೊರಟಿದ್ರಲ್ಲ, ನಾಚಿಕೆಯಾಗಲ್ವಾ?"

ಬೆಳಿಗ್ಗೆ ಗದರಿದ್ದ ಮ್ಯಾನೇಜರ್ ಎದ್ದು ಬಂದು ತನ್ನ ಕುರ್ಚಿಯನ್ನೇ ಅವನತ್ತ ಸರಿಸಿದಳು. "ಕೂತ್ಕೊಳ್ಳಿ," ಎಂದಳು. ದನಿ ಮೆತ್ತಗಾಗಿತ್ತು. ಕೊನೆಗೂ ದಾರಿಗೆ ಬಂದಳು ಎಂದುಕೊಂಡ. ಆದರೂ ಕೂರಲಿಲ್ಲ.

ಪ್ಯಾಕಿಂಗ್‌ನವಳ ಕಣ್ಣು ತುಂಬಿತ್ತು. "ದಿನಾ ನಿಮ್ಮ ಕೋಣೆಯಿಂದ ಇಂಥವು ಏಳೆಂಟು ಬರ್ತವೆ ಅಣ್ಣ. ಸಿಕ್ಕಷ್ಟನ್ನ ಯಾರಿಗೂ ಕಾಣದ ಹಾಗೆ ಎತ್ತಿಡ್ತಿದ್ದೆ, ನಿಮ್ಮ ಕೆಲಸ ಉಳೀಲಿ ಅಂತ. ಎಲ್ಲ ಡಬ್ಬೀನೂ ಬಿಚ್ಚಿ ನೋಡೋಕೆ ಆಗಲಿಲ್ಲ."

"ಇಂಥವು ಅಂದ್ರೆ ಎಂಥವು?" ಅವನು ಅರಚಿದ.

ಅವಳು ಮೇಜಿನ ಮೇಲಿದ್ದ ಬಿಲ್ಲೆಯನ್ನು ಮಗುಚಿ, ಉಗುರಿನಿಂದ ಹಿಂಬದಿಯ ಮುಚ್ಚಳ ಎಬ್ಬಿಸಿ, ಅವನ ಕಣ್ಣೆದುರಿಗೆ ಹಿಡಿದಳು.

ಒಳಗೆ ಬ್ಯಾಟರಿ ಹಾಕಿಯೇ ಇರಲಿಲ್ಲ; ಅವನ ಕಿವಿಯಲ್ಲಿ ಕೂಗು ಮಾತ್ರ ಇನ್ನೂ ನಿಂತಿರಲಿಲ್ಲ.