ಎರಡನೇ ಎಣಿಕೆ

"ಇಷ್ಟೊಂದು ತಾಳೆಯಾದ್ರೆ ಅನುಮಾನ ಬರದೆ ಇರುತ್ತಾ, ನೀವೇ ಹೇಳಿ ಮೇಡಂ?" ಎಂದು ಹೊಸ ನಿರ್ದೇಶಕರು ಎಣಿಕೆಯ ಎರಡು ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಒಂದು ಎದುರಿಗಿದ್ದ ಅವಳದು, ಇನ್ನೊಂದು ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅವಳ ಗಂಡನದು.

ಮೀನಿನ ತಲೆಯೊಳಗೆ ಕಾಳಿನಷ್ಟು ದೊಡ್ಡ ಕಿವಿಕಲ್ಲು ಇರುತ್ತದೆ. ಮರದ ಕಾಂಡಕ್ಕಿರುವಂತೆ ಅದಕ್ಕೂ ವರ್ಷಕ್ಕೊಂದು ಉಂಗುರ. ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟು ಎಣಿಸಿದರೆ ಮೀನಿನ ವಯಸ್ಸು ಸಿಗುತ್ತದೆ. ಕಣ್ಣು ಮೋಸಹೋಗಬಾರದಲ್ಲ, ಅದಕ್ಕೆ ಒಂದೇ ಕಲ್ಲನ್ನು ಇಬ್ಬರು ಬೇರೆ ಬೇರೆ ಕೋಣೆಯಲ್ಲಿ ಕೂತು ಎಣಿಸಬೇಕು. ಒಬ್ಬರ ಲೆಕ್ಕ ಇನ್ನೊಬ್ಬರ ಕಿವಿಗೆ ಬೀಳಕೂಡದು. ಆ ಕಡಲ ಸಂಶೋಧನಾಲಯದಲ್ಲಿ ಈ ಕೆಲಸಕ್ಕಿದ್ದವರು ಈ ಗಂಡಹೆಂಡತಿ ಇಬ್ಬರೇ. ಬೇರೆ ಕಡೆ ಎಣಿಸುವವರಿಗೆ ನಾಲ್ಕು ಕಲ್ಲಿಗೊಂದರಲ್ಲಾದರೂ ತಕರಾರು ಬರುತ್ತದೆ. ಇವರಿಗೆ ಕಲ್ಲುಗಳ ಇಡೀ ಪೆಟ್ಟಿಗೆಗೆ ಒಂದೆರಡು ಬಂದರೆ ಹೆಚ್ಚು.

"ಒಂದೇ ಮನೇಲಿರೋರು ನೀವು. ಒಂದೇ ಕಾರಲ್ಲಿ ಬರ್ತೀರಿ, ಒಂದೇ ಡಬ್ಬಿ ಬಿಚ್ಚಿ ಊಟ ಮಾಡ್ತೀರಿ. 'ಆ ಮೀನಿಗೆ ನಂಗೆ ಆರು ಬಂತು ಕಣೆ' ಅಂತ ಒಂದು ಸಲಾನೂ ಬಾಯಿ ಜಾರಿಲ್ವಾ? ಯಾರಾದ್ರೂ ಕೇಳಿದ್ರೆ ನಾನು ಏನಂತ ಉತ್ತರ ಕೊಡ್ಲಿ? ನಿಮ್ಮ ಲೆಕ್ಕಾನೆಲ್ಲ ವರದಿಯಿಂದ ತೆಗೀಬೇಕಾಗುತ್ತೆ, ಅಷ್ಟೇ."

ಅಷ್ಟೇ ಅಂತೆ! ಆ ಮೀನನ್ನು ಯಾವಾಗ ಹಿಡಿಯಬಹುದು, ಯಾವಾಗ ಹಿಡಿಯಬಾರದು ಎಂದು ಹೇಳುವ ವರದಿ ಅದು. ತೆಗೆದರೆ ಇಷ್ಟು ವರ್ಷ ಕಣ್ಣು ಸವೆಸಿದ್ದೆಲ್ಲ ನೀರುಪಾಲು, ಜೊತೆಗೆ ಕಳ್ಳಲೆಕ್ಕದವರು ಎಂಬ ಬಿರುದು ಬೇರೆ. ಅವಳ ಕಿವಿ ಬಿಸಿಯಾಯಿತು.

"ಮನೇಲಿ ಮೀನಿನ ಮಾತು ಎತ್ತೋದಿಲ್ಲ ಸರ್," ಎಂದ ಗಂಡ.

"ಎಲ್ಲರೂ ಹಾಗೇ ಅಂತಾರೆ."

ಗಂಡ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. ಒರೆಸುತ್ತಲೇ ಇದ್ದ. ಉತ್ತರ ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದರೆ ಅದನ್ನು ಹೇಳಿದರೆ ಕೆಲಸದ ಮಾನ ಉಳಿಯುತ್ತದೆ, ಮನೆಯ ಮಾನ ಹೋಗುತ್ತದೆ. ಇಡೀ ಕಚೇರಿ ಅವರನ್ನು ಜೋಡಿಹಕ್ಕಿ ಎನ್ನುತ್ತಿತ್ತು; ಹೊಸದಾಗಿ ಮದುವೆಯಾದವರಿಗೆ 'ಅವರನ್ನ ನೋಡಿ ಕಲೀರಿ' ಎಂದು ಬುದ್ಧಿ ಹೇಳುತ್ತಿದ್ದರು. ಅವಳಿಗೆ ಗಂಡನ ಮೇಲೂ ತನ್ನ ಮೇಲೂ ಒಟ್ಟಿಗೇ ಸಿಟ್ಟು ಬಂತು.

"ಮೀನಿನ ಮಾತಷ್ಟೇ ಅಲ್ಲ ಸರ್, ಯಾವ ಮಾತೂ ಎತ್ತೋದಿಲ್ಲ," ಎಂದಳು. "ಗ್ಯಾಸ್ ಮುಗೀತು, ಬಾಗಿಲು ಹಾಕ್ಕೊಳ್ಳಿ, ಅಷ್ಟರಲ್ಲೇ ನಮ್ಮ ಮನೆ ನಡೆಯುತ್ತೆ. ಜಗಳ ಗಿಗಳ ಏನೂ ಆಗಿಲ್ಲ. ಮದುವೆಗೆ ಮುಂಚೆ ಮೀನಿನ ವಿಷಯ ಹಿಡಿದು ಕೂತ್ರೆ ನಮಗೆ ಹೊತ್ತು ಹೋಗಿದ್ದೇ ತಿಳೀತಿರ್ಲಿಲ್ಲ. ಈ ಕೆಲಸ ಇಬ್ಬರಿಗೂ ಬಂದಾಗ, ಮನೇಲಿ ಇದರ ಸುದ್ದಿ ಬೇಡ ಅಂತ ಆಣೆ ಮಾಡ್ಕೊಂಡ್ವಿ. ಅದೊಂದು ಬಿಟ್ರೆ ನಮ್ಮ ಹತ್ರ ಬೇರೆ ಮಾತೇ ಇರ್ಲಿಲ್ಲ ಅಂತ ಆಮೇಲೆ ಗೊತ್ತಾಯ್ತು."

ಹೇಳಿಬಿಟ್ಟ ಮೇಲೆ ಅವಳು ಗಂಡನ ಕಡೆ ನೋಡಲಿಲ್ಲ, ನೋಡುವ ಧೈರ್ಯವಾಗಲಿಲ್ಲ. ನಿರ್ದೇಶಕರ ಮುಖ ಮಾತ್ರ ನಿಧಾನವಾಗಿ ಅರಳಿತು. ಅವರೇನು ಕೆಟ್ಟ ಮನುಷ್ಯರಲ್ಲ. ಅವರ ಜೀವವೆಲ್ಲ ಆ ವರದಿಯಲ್ಲಿತ್ತು.

"ಸದ್ಯ, ಬದುಕಿದೆ! ಹಾಗಾದ್ರೆ ನಿಮ್ಮ ಲೆಕ್ಕ ಅಪ್ಪಟ. ಒಂದಂಕಿ ಕೂಡ ತೆಗೆಯೋದಿಲ್ಲ, ನಾನಿದ್ದೀನಿ. ನೋಡಿ, ದಯವಿಟ್ಟು ಮುಂದಿನ ವರದಿವರೆಗೂ ಹೀಗೇ ಇದ್ದುಬಿಡಿ."

ಗಂಡ ಕನ್ನಡಕ ಹಾಕಿಕೊಂಡ.

"ಆಗೋದಿಲ್ಲ ಸರ್. ಮುಂದಿನ ಸಲದಿಂದ ಎರಡನೇ ಎಣಿಕೆಗೆ ನನ್ನ ಬದಲು ಬೇರೆ ಯಾರನ್ನಾದ್ರೂ ಹಾಕ್ಕೊಳ್ಳಿ."

"ಅಯ್ಯೋ, ನಿಮ್ಮಂಥ ಕಣ್ಣು ನಾನೆಲ್ಲಿಂದ ತರ್ಲಿ?"

"ಹುಡುಕಿ ಸರ್, ಸಿಗುತ್ತೆ," ಎಂದು ಎದ್ದೇಬಿಟ್ಟ. ಆ ಕೆಲಸವೆಂದರೆ ಅವನಿಗೆ ಪ್ರಾಣ. ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟರೆ ಪಕ್ಕದಲ್ಲಿಟ್ಟ ಚಹಾ ಆರಿ ತಣ್ಣಗಾದರೂ ಅವನಿಗೆ ಪರಿವೆ ಇರುತ್ತಿರಲಿಲ್ಲ. ಅಂಥ ಕೆಲಸವನ್ನು ಬಿಟ್ಟು ಹೊರಟವನ ಹಿಂದೆಯೇ ಅವಳೂ ಮೆಟ್ಟಿಲಿಳಿದಳು.

ಕಾರಿನಲ್ಲಿ ಕೂತು ಎಂಜಿನ್ ಶುರುಮಾಡಿದವನು ಗೇರು ಹಾಕಲಿಲ್ಲ. ಎದುರಿನ ಗೋಡೆಯನ್ನೇ ನೋಡುತ್ತ ಒಂದೆರಡು ಸಲ ಬಾಯಿ ತೆರೆದು ಮುಚ್ಚಿದ. ಪಾಪ, ಅಭ್ಯಾಸ ತಪ್ಪಿಹೋಗಿತ್ತು.

"ಕೊನೇ ಪೆಟ್ಟಿಗೇಲಿ ಒಂದು ಕಲ್ಲಿತ್ತಲ್ಲ, ಅಂಚು ಮುರಿದಿದ್ದು," ಎಂದ ಕೊನೆಗೆ. "ನಂಗೆ ಏಳು ಬಂತು. ನಿಂಗೆಷ್ಟು?"

ಅವಳಿಗೆ ಆ ಕಲ್ಲು ಚೆನ್ನಾಗಿ ನೆನಪಿತ್ತು. ಅವಳಿಗೂ ಬಂದದ್ದು ಏಳೇ. ಆದರೆ ಏಳು ಎಂದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಇಷ್ಟು ವರ್ಷದಲ್ಲಿ ಒಂದು ಉಂಗುರವನ್ನೂ ಅವಳು ಹೆಚ್ಚಿಗೆ ಹೇಳಿದವಳಲ್ಲ, ಕಡಿಮೆ ಹೇಳಿದವಳಲ್ಲ.

"ಎಂಟು," ಎಂದಳು.

ಅವನು ಎಂಜಿನ್ ಆರಿಸಿ ಪೂರ್ತಿ ಅವಳ ಕಡೆಗೆ ತಿರುಗಿದ.

"ಎಂಟಾ? ಅದು ಹೇಗೆ ಎಂಟಾಗುತ್ತೆ, ಹೇಳು ನೋಡೋಣ!"