ಬಿಳಿಚಿದ ಬೆರಳು

ಎವಾರಿಸ್ತೊನ ಬೆರಳ ತುದಿಗಳು ಬಿಳಿಚಿಕೊಂಡಿದ್ದವು. ಮಾಟೆ ಕಷಾಯದ ಕುಡಿಕೆಯನ್ನು ಅವನ ಕೈಗೆ ಕೊಡುವಾಗ ಒತಿಲಿಯಾಳ ಕಣ್ಣಿಗೆ ಬಿದ್ದದ್ದೇ ಅದು.

“ಏನೋ ಇದು, ಬೆರಳಿಗೆ?”

“ಸುಣ್ಣ. ತೋಟದ ಮನೆ ಗೋಡೆಗೆ ಹೊಡೀತಿದ್ವಿ,” ಎಂದ ಗಂಡ, ತಲೆ ಎತ್ತದೆ.

ಸುಣ್ಣವಂತೆ! ಯಾರ ಕಿವಿಗೆ ಹೂ ಇಡುತ್ತಾನೆ? ಸುಣ್ಣ ತೊಳೆದರೆ ಹೋಗುತ್ತದೆ. ಇದು ಪೆರಾಕ್ಸೈಡ್ ತಿಂದ ಚರ್ಮ. ಬೇಟೆಯ ಕಾಲದಲ್ಲಿ ಅವಳ ಬೆರಳುಗಳೂ ಹೀಗೇ ಇರುತ್ತವೆ. ಲಾ ಪಾಂಪಾದ ಆ ಸೀಮೆಯಲ್ಲಿ ಬೇಟೆಗಾರರು ಹೊಡೆದ ಸಾರಂಗದ ತಲೆಗಳೆಲ್ಲ ಬರುವುದು ಅವಳ ಕೊಟ್ಟಿಗೆಗೆ. ಅರ್ಧ ಪೀಪಾಯಿಯಲ್ಲಿ ಹದವಾಗಿ ಬೇಯಿಸಿ, ಮಾಂಸ ಕೆರೆದು, ಪಾತ್ರೆ ಸೋಪಿನ ಬಿಸಿನೀರಲ್ಲಿ ಜಿಡ್ಡು ಬಿಡಿಸಿ, ಕಡೆಗೆ ಪೆರಾಕ್ಸೈಡ್ ಕ್ರೀಮು ಬಳಿದು ಹತ್ತಿ ಸುತ್ತಿಡುತ್ತಾಳೆ. ಬುರುಡೆ ಹಾಲಿನಂತೆ ಬೆಳ್ಳಗಾಗುತ್ತದೆ. ಆ ಕ್ರೀಮು ಅವಳು ತರುವುದು ಹೆಂಗಸರ ಕೂದಲಿಗೆ ಹೊಂಬಣ್ಣ ಹಾಕುವ ನೆಲಿದಾಳ ಅಂಗಡಿಯಿಂದ.

ಊರಲ್ಲಿ ಪೆರಾಕ್ಸೈಡ್ ಇರುವುದು ಎರಡೇ ಕಡೆ. ಒತಿಲಿಯಾಳ ಕೊಟ್ಟಿಗೆಗೆ ಎವಾರಿಸ್ತೊ ಈಚೆಗೆ ಕಾಲಿಟ್ಟೇ ಇಲ್ಲ. ಉಳಿದದ್ದು ನೆಲಿದಾಳ ಅಂಗಡಿ, ಮತ್ತು ನೆಲಿದಾಳದೇ ಹೊಂಗೂದಲು. ಗಂಡನಿಲ್ಲದ ಹೆಂಗಸು. ನಕ್ಕರೆ ಇಡೀ ಬೀದಿಗೆ ಕೇಳಿಸುತ್ತದೆ.

ಸಿಳ್ಳೆಯ ದಿನವೇ ಅನುಮಾನ ಬರಬೇಕಿತ್ತು.

ಎರಡು ಗಿಡ್ಡ, ಒಂದು ಉದ್ದ. ಕೋಳಿ, ನಾಯಿ, ಊಟಕ್ಕೆ ತಡಮಾಡುವ ಗಂಡ, ಯಾರನ್ನಾದರೂ ಅವಳು ಕರೆಯುವುದು ಆ ಸಿಳ್ಳೆಯಲ್ಲೇ. ಮಕ್ಕಳ ಮದುವೆಯೂ ಆಗಿ ಹೋದ ಮೇಲೆ, ಅವರು ಹುಟ್ಟುವ ಮೊದಲಿಂದ ಅದನ್ನು ಕೇಳುತ್ತಿದ್ದ ಮನುಷ್ಯ ಒಂದು ಸಂಜೆ ಇದ್ದಕ್ಕಿದ್ದಂತೆ, “ನಿನ್ನ ಸಿಳ್ಳೆ ನಂಗೂ ಹೇಳ್ಕೊಡೇ,” ಎಂದಿದ್ದ.

“ಈ ವಯಸ್ಸಲ್ಲಿ ಯಾವಳನ್ನ ಕರೀಬೇಕೋ?” ಎಂದು ರೇಗಿಸಿದ್ದಳು. ಅವನ ಗಲ್ಲ ಹಿಡಿದು, ತುಟಿ ಹೀಗಿಡು, ನಾಲಗೆ ಹೀಗೆ ಮಡಿಸು ಎಂದು ಕಲಿಸಿದ್ದಳು. ಎಷ್ಟು ಖುಷಿಯಾಗಿತ್ತು ಅವತ್ತು! ಈಗ ನೆನೆದರೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಸಿಳ್ಳೆ ಕಲಿತು ಅವಳ ಕಿಟಕಿ ಕೆಳಗೆ ಊದುತ್ತಾನಲ್ಲ, ನಾಚಿಕೆಗೆಟ್ಟವನು.

ಇನ್ನೂ ಕೆದಕಿ ನೋಡೋಣವೆಂದು ಕುಡಿಕೆಗೆ ಬಿಸಿನೀರು ಸುರಿದಳು. ಬೇಟೆಗಾರರಿಗೆ ಕಾಡಲ್ಲಿ ದಾರಿ ತೋರಿಸುವುದು ಅವನ ಕೆಲಸ.

“ಆ ಪರದೇಶದ ಬೇಟೆಗಾರ ಕೊನೇ ದಿನ ಹೊಡೆದ ಸಾರಂಗದ ತಲೆ ಎಲ್ಲಿ? ನನ್ಹತ್ರ ಬರಲೇ ಇಲ್ಲ?”

“ಹಸೀದೇ ತಗೊಂಡು ಹೋದ. ಬ್ಯೂನಸ್ ಐರಿಸಲ್ಲಿ ಕ್ಲೀನ್ ಮಾಡಿಸ್ತಾನಂತೆ.”

“ನಮ್ಮ ಗ್ವಾಚೊನ ನೋಡ್ದೆಯಾ?”

“ಆರಾಮಾಗಿದಾನೆ. ನನ್ನ ಕಂಡಿದ್ದೇ ಓಟ ಕಿತ್ತ,” ಎಂದು ಎದ್ದು ಹೋದ.

ತಬ್ಬಲಿ ಮರಿಗೆ ಆ ಕಡೆ ಗ್ವಾಚೊ ಎನ್ನುತ್ತಾರೆ. ಬೇಲಿಯ ತಂತಿಗೆ ಸಿಕ್ಕಿ ಮೂಗು ಮೂಳೆವರೆಗೂ ಕೊಯ್ದುಕೊಂಡಿದ್ದ ಸಾರಂಗದ ಮರಿ. ಒತಿಲಿಯಾ ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದ್ದಳು. ಕೊಂಬು ಬಲಿತು ಹಾಯತೊಡಗಿದ ಮೇಲೆ, ಯಾರೂ ಬೇಟೆಯಾಡದ ಕಾಡಿಗೆ ಎವಾರಿಸ್ತೊನೇ ಬಿಟ್ಟು ಬಂದಿದ್ದ. ಆಗಾಗ ನೋಡಿಬಂದು ಸುದ್ದಿ ಹೇಳುತ್ತಿದ್ದ. ಆ ಒಂದು ವಿಷಯದಲ್ಲಿ ಅವಳಿಗೆ ಅವನ ಮೇಲೆ ಈಗಲೂ ನಂಬಿಕೆ.

ಮಧ್ಯಾಹ್ನ ಊರೆಲ್ಲ ಉಂಡು ಮಲಗಿದ ಹೊತ್ತಿಗೆ ಅವನು ಮೆಲ್ಲಗೆ ಹೊರಬಿದ್ದ. ಅವಳು ಹಿಂದೆಯೇ ಹೋದಳು. ನೆಲಿದಾಳ ಅಂಗಡಿಯ ಹಿಂಬಾಗಿಲಿಂದ ಒಳಗೆ ಹೋದವನು ಸ್ವಲ್ಪ ಹೊತ್ತಿಗೆ ಕೈ ಒರೆಸಿಕೊಳ್ಳುತ್ತ ಹೊರಬಂದು ಬೀದಿ ತಿರುಗಿದ. ಒತಿಲಿಯಾ ಅದೇ ಬಾಗಿಲನ್ನು ದಬಾರನೆ ತಳ್ಳಿದಳು.

“ಎಲ್ಲೇ, ನನ್ನ ಗಂಡ ಮಲಗೋ ಹಾಸಿಗೆ?”

ನೆಲಿದಾ ಬಾಚಣಿಗೆ ಕೈಬಿಟ್ಟಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಯ್ಯೋ ಅಕ್ಕಾ! ಆ ಗೊರಕೆ ಮುದುಕನ್ನ ಕಟ್ಕೊಂಡು ನಾನೇನ್ ಮಾಡ್ಲಿ? ಬಾ ಇಲ್ಲಿ, ನಿನ್ನ ಸವತಿ ತೋರಿಸ್ತೀನಿ.”

ಹಿಂದಿನ ಕೋಣೆಯಲ್ಲಿ ಕೂದಲು ತೊಳೆಯುವ ತೊಟ್ಟಿ. ತೊಟ್ಟಿಯಲ್ಲಿ ಹತ್ತಿ ಸುತ್ತಿದ ಬುರುಡೆ. ಕವಲೊಡೆದ ಕೊಂಬುಗಳು ಗೋಡೆಗೆ ಒರಗಿದ್ದವು.

“ಕೆಲಸ ಕಲಿತು ನಿನ್ನ ಆಶ್ಚರ್ಯಪಡಿಸ್ತಾನಂತೆ. ನಿನ್ನ ಕೈ ಸೋತೋಗಿದೆ ಅಂತ ಎಷ್ಟು ಮರುಗಿದ ಗೊತ್ತಾ? ನಾನು ಹೇಳ್ದೆ ಅಂತ ಹೇಳ್ಬೇಡ ಮತ್ತೆ.”

ಒತಿಲಿಯಾಳಿಗೆ ನಗು ಬಂತು, ಅಳುವೂ ಬಂತು. ಅಂಗಿಯ ತೋಳಲ್ಲೇ ಕಣ್ಣೊರೆಸಿಕೊಂಡಳು. ಪಾಪ, ನನ್ನ ಗಂಡ! ಏನೆಲ್ಲ ಅಂದುಕೊಂಡುಬಿಟ್ಟೆ.

“ದಡ್ಡ! ಕೊಂಬಿನ ಬುಡಕ್ಕೂ ಬಳಿದಿದ್ದಾನೆ ನೋಡು. ಬಣ್ಣವೆಲ್ಲ ಹೋಗುತ್ತೆ,” ಎಂದು ಪ್ರೀತಿಯಿಂದ ಬೈಯುತ್ತ, ಸರಿಮಾಡಲು ಹತ್ತಿ ಬಿಡಿಸಿದಳು. ಬುಡ ಒರೆಸಿದಳು, ಹಣೆ ಒರೆಸಿದಳು, ಮೂಗಿಗೆ ಬಂದಳು.

ಕೈ ಅಲ್ಲೇ ನಿಂತಿತು. ಮೂಗಿನ ಮೂಳೆಗೆ ಅಡ್ಡಲಾಗಿ ಒಂದು ಗೀರು, ತಂತಿಯಷ್ಟೇ ಅಗಲ, ಯಾವತ್ತೋ ಮಾಯ್ದದ್ದು. ಅದಕ್ಕೆ ದಿನವೂ ಮುಲಾಮು ಹಚ್ಚಿದ್ದು ಇದೇ ಬೆರಳು.

ಒತಿಲಿಯಾ ತೊಟ್ಟಿಯ ಅಂಚು ಹಿಡಿದುಕೊಂಡಳು. ಹಾಸಿಗೆಯೇ ಸಿಕ್ಕಿದ್ದರೆ ಚೆನ್ನಾಗಿತ್ತು ಅನ್ನಿಸಿತು.

“ಇದು ಆ ಪರದೇಶದವನು ಹೊಡೆದದ್ದಾ?”

“ಹೂಂ. ಊರು ಬಿಡೋ ಮುಂಚೆ ಇಲ್ಲೇ ಕೂದಲು ಕತ್ತರಿಸ್ಕೊಂಡ. ಯಾಕಕ್ಕಾ, ಮುಖ ಹಿಂಗಾಯ್ತು?”

“ಇವನು ಗಂಡಸರ ನೆರಳು ಕಂಡ್ರೆ ಓಡ್ತಿದ್ದ. ಹೆಂಗೆ ಹೊಡೆದ್ರು?”

“ಅದನ್ನೇ ಹೇಳ್ಕೊಂಡು ನಗ್ತಿದ್ದ ಆ ಮಹಾರಾಯ: ಎವಾರಿಸ್ತೊ ಪೊದೆ ಹಿಂದೆ ಕೂತು ಎರಡು ಗಿಡ್ಡ, ಒಂದು ಉದ್ದ ಸಿಳ್ಳೆ ಹಾಕಿದ್ನಂತೆ, ಅಷ್ಟು ದೊಡ್ಡ ಸಾರಂಗ ನಾಲಗೆ ಆಡಿಸ್ಕೊಂಡು ತಾನೇ ಹತ್ರ ನಡ್ಕೊಂಡು ಬಂತಂತೆ.”